ಕೇಳಿದವರಿಗೆ ದಂಡ

ಶ್ರವಣಬೆಳಗೊಳದ ದೊಡ್ಡಬೆಟ್ಟದ ಮೇಲೆ, ಗೊಮ್ಮಟನ ಪಾದದ ಅಕ್ಕಪಕ್ಕದ ಕಲ್ಲಿನಲ್ಲಿ, ಮೂರ್ತಿ ಮಾಡಿಸಿದವನ ಹೆಸರು ಕೆತ್ತಿದೆ. ಚಾವುಂಡರಾಯ, ಗಂಗ ದೊರೆ ರಾಚಮಲ್ಲನ ಮಂತ್ರಿ, ದಂಡನಾಯಕ. ಆ ಹೆಸರು ಕನ್ನಡದಲ್ಲಿದೆ, ತಮಿಳಿನಲ್ಲಿದೆ, ಮರಾಠಿಯಲ್ಲೂ ಇದೆ. ಮುಂದೆ ಹೊಯ್ಸಳರ ಕಾಲದಲ್ಲಿ ಸುತ್ತಾಲಯ ಕಟ್ಟಿಸಿದ ಗಂಗರಾಜನ ಹೆಸರೂ ಇದೆ. ಸಾವಿರ ವರ್ಷಕ್ಕೂ ಹಿಂದೆ ಬೆಟ್ಟದ ನೆತ್ತಿಯ ಬಂಡೆಯನ್ನೇ ಕಡಿದು, 57 ಅಡಿಯ ಎತ್ತರದಲ್ಲಿ ಆ ತುಟಿಗೆ ಆ ನಗು ತಂದವರ ಹೆಸರು ಮಾತ್ರ ಅಲ್ಲಿಲ್ಲ. ಅರಿಷ್ಟನೇಮಿ ಎಂಬ ಶಿಲ್ಪಿಯ ಹೆಸರು ಜನರ ಬಾಯಲ್ಲಿದೆ. ಪಾದದ ಬಳಿಯ ಆ ಕಲ್ಲು ಅದನ್ನು ಹೇಳುವುದಿಲ್ಲ. ಮಾಡಿಸಿದವನಿಗೆ ಮೂರು ಭಾಷೆ ಸಿಕ್ಕಿತು, ಮಾಡಿದವರಿಗೆ ಒಂದು ಅಕ್ಷರವೂ ಸಿಗಲಿಲ್ಲ.

ಯಾರು ಕೆತ್ತಿದರು? ಎಷ್ಟು ಜನ? ಕೂಲಿ ಎಂದು ಏನು ಕೊಟ್ಟರು? ಅಟ್ಟಣೆಯಿಂದ ಬಿದ್ದವರ ಹೆಂಡಿರು ಮಕ್ಕಳನ್ನು ಯಾರು ನೋಡಿಕೊಂಡರು? ದರ್ಶನದ ಸಾಲಿನಲ್ಲಿ ನಿಂತು ಇದನ್ನು ಜೋರಾಗಿ ಕೇಳಿ ನೋಡಿ. ಹಿಂದಿನವರು ಗೊಣಗುತ್ತಾರೆ. ಪಕ್ಕದವರು, ದೇವರ ಮುಂದೆ ಇವೆಲ್ಲ ಕೇಳಬಾರದು, ಕೈ ಮುಗಿದು ಮುಂದೆ ನಡೀರಿ ಎನ್ನುತ್ತಾರೆ. ನನಗೆ ಮೈ ಉರಿಯುವುದು ಈ ಮಾತಿಗೆ. ನಮ್ಮ ಸೀಮೆಯಲ್ಲಿ ನಿಂತು ಕೇಳಲೇಬೇಕಾದ ಜಾಗ ಒಂದಿದ್ದರೆ ಅದು ಈ ಬೆಟ್ಟ. ಅಲ್ಲಿ ನಿಂತಿರುವವನೇ ಕೇಳಿದವನು.

ಪಂಪ 941ರಲ್ಲಿ ಆದಿಪುರಾಣ ಬರೆದು ಆ ಗೊಮ್ಮಟನ, ಅಂದರೆ ಬಾಹುಬಲಿಯ, ಕಥೆಯನ್ನು ಕನ್ನಡದ ಮನೆಮಾತು ಮಾಡಿದ. ಭರತ ಚಕ್ರವರ್ತಿಯಾದ. ದಿಕ್ಕುದಿಕ್ಕೆಲ್ಲ ಗೆದ್ದು ಬಂದ. ತಮ್ಮಂದಿರೂ ಬಂದು ಕಾಲಿಗೆರಗಲಿ ಎಂದು ಹೇಳಿಕಳಿಸಿದ. ಉಳಿದವರು ರಾಜ್ಯವೇ ಬೇಡವೆಂದು ದೀಕ್ಷೆ ತೊಟ್ಟರು. ಬಾಹುಬಲಿ ಒಬ್ಬನೇ ಎದ್ದು ನಿಂತ: ಅಪ್ಪ ಕೊಟ್ಟ ನೆಲದಲ್ಲಿ ನಾನಿದ್ದೇನೆ, ಅಣ್ಣನೆಂದು ಬೇಕಾದರೆ ನಮಸ್ಕರಿಸಿಯೇನು, ಒಡೆಯನೆಂದು ಯಾಕೆ ಬಾಗಲಿ? ಕಾದಿದ, ಗೆದ್ದ. ಗೆದ್ದ ಕೈಯಲ್ಲಿ ಅಣ್ಣನನ್ನು ಎತ್ತಿ ಹಿಡಿದಾಗ ಅದಕ್ಕಿಂತ ದೊಡ್ಡ ಪ್ರಶ್ನೆಯನ್ನು ತನಗೇ ಹಾಕಿಕೊಂಡ: ಇಷ್ಟು ಮಾಡಿಸುವ ಈ ನೆಲ ನನಗೇತಕ್ಕೆ? ಬಿಟ್ಟು ನಡೆದ. ಬಾಗದವನ ಮೂರ್ತಿಯನ್ನು ಬೆಟ್ಟದಷ್ಟೆತ್ತರ ನಿಲ್ಲಿಸಿಕೊಂಡ ನಾವು, ಅದರ ಮುಂದೆ ಬಾಗುವುದನ್ನು ಮಾತ್ರ ಮಕ್ಕಳಿಗೆ ಕಲಿಸಿದೆವು. ಅದೇ ಪುರಾಣದಲ್ಲಿ ಅಪ್ಪ ವೃಷಭನಾಥ ಮೊದಲು ಅಕ್ಷರ ಕಲಿಸಿದ್ದು ಮಗಳು ಬ್ರಾಹ್ಮಿಗೆ, ಅಂಕಿ ಕಲಿಸಿದ್ದು ಮಗಳು ಸೌಂದರಿಗೆ. ಅದನ್ನು ಓದಿದ ಮನೆಗಳಲ್ಲೂ, ಹೆಣ್ಣುಮಗು ಎರಡನೆಯ ಸಲ 'ಯಾಕೆ' ಅಂದರೆ ಎದುರುತ್ತರ ಎನ್ನುತ್ತಾರೆ.

ಚಳಿಗಾಲ ಬಂತೆಂದರೆ ಶಾಲಾ ಪ್ರವಾಸದ ಬಸ್ಸುಗಳು ಕಲ್ಯಾಣಿಯ ಹತ್ತಿರ ಸಾಲುಗಟ್ಟುತ್ತವೆ. ಚಪ್ಪಲಿ ಕೆಳಗೆ ಬಿಟ್ಟು, ಬರಿಗಾಲಲ್ಲೋ ಸಾಕ್ಸಿನಲ್ಲೋ ಆರುನೂರಕ್ಕೂ ಮೇಲ್ಪಟ್ಟ ಮೆಟ್ಟಿಲು ಹತ್ತಿ ಮಕ್ಕಳು ಮೇಲೆ ಬರುತ್ತಾರೆ. ನಾನು ಕಂಡ ಒಂದು ಗುಂಪಿನಲ್ಲಿ, ಉದ್ದಲಂಗದ, ಎರಡು ಜಡೆ ಹೆಣೆದ ಹುಡುಗಿ ಮೂರ್ತಿಯನ್ನು ನೋಡಿದವಳೇ ಬಾಯಿ ತೆರೆದು ನಿಂತುಬಿಟ್ಟಳು. 'ಸಾ, ಇಷ್ಟು ದೊಡ್ಡ ಕಲ್ಲನ್ನ ಕೆಳಗಿಂದ ಹೆಂಗೆ ಎತ್ಕೊಂಡು ಬಂದ್ರು?' ಮೇಷ್ಟ್ರು, 'ಏಯ್, ಲೈನು ಬಿಡಬೇಡ' ಅಂದರು. ಅವಳು ಬಿಡಲಿಲ್ಲ. 'ಕಾಲಿಗೆ ಬಳ್ಳಿ ಯಾಕೆ ಸುತ್ಕೊಂಡದೆ?' ಉತ್ತರವಿಲ್ಲ. ಅವಳ ಹಿಂದಿದ್ದ ಹುಡುಗ ಧೈರ್ಯ ಮಾಡಿ, 'ಬಟ್ಟೆ ಯಾಕ್ ಹಾಕಿಲ್ಲ ಸಾ?' ಅಂದ. ಗುಂಪು ಕಿಸಕ್ಕೆಂದಿತು, ಹುಡುಗನ ತಲೆಗೆ ಮೊಟಕು ಬಿತ್ತು. ಅಲ್ಲಿಗೆ ಮುಗಿಯಿತು. ಆಮೇಲೆ ಆ ಮಕ್ಕಳು ಕೆಳಗಿಳಿಯುವವರೆಗೆ ಬಾಯಿಬಿಟ್ಟಿದ್ದು ಫೋಟೋಕ್ಕೆ ಹಲ್ಲು ಕಿರಿಯಲು ಮಾತ್ರ.

ಮೂರೂ ಪ್ರಶ್ನೆಗಳು ಎಂಥವು ನೋಡಿ. ಕಲ್ಲನ್ನು ಯಾರೂ ಎತ್ತಿ ತರಲಿಲ್ಲ, ಬೆಟ್ಟದ ತುದಿಯೇ ಮೂರ್ತಿಯಾಯಿತು. ಇದನ್ನು ಹೇಳಿದ್ದರೆ ಕಲ್ಲು, ಉಳಿ, ಅಳತೆ, ದುಡಿಮೆ ಎಲ್ಲದರ ಪಾಠ ಅಲ್ಲೇ ಆಗುತ್ತಿತ್ತು. ಬಳ್ಳಿ ಹಬ್ಬಿದ್ದು, ಹುತ್ತ ಬೆಳೆದದ್ದು, ಮನುಷ್ಯನೊಬ್ಬ ಅಲುಗಾಡದೆ ವರ್ಷವಿಡೀ ನಿಂತ ಎಂದು ತೋರಿಸಲು. ಬಟ್ಟೆ ಇಲ್ಲದ್ದು, ತನ್ನದು ಎಂಬುದೆಲ್ಲ ಬಿಟ್ಟವನಿಗೆ ನೂಲೂ ತನ್ನದಲ್ಲ ಎಂಬುದಕ್ಕೆ. ದಿಗಂಬರ ಧರ್ಮದ ಬುಡವೇ ಆ ಹುಡುಗನ ಪ್ರಶ್ನೆಯಲ್ಲಿತ್ತು. ಮೊಟಕಿದ ಕೈ ಆ ಬುಡಕ್ಕೇ ಬಿತ್ತು.

ಆ ಮೇಷ್ಟ್ರೊಬ್ಬರನ್ನೇ ನಾನು ಕಟಕಟೆಗೆ ಏರಿಸುವುದಿಲ್ಲ. ಬಸ್ಸಿನ ಲೆಕ್ಕ, ತಲೆ ಲೆಕ್ಕ, ಊಟದ ಲೆಕ್ಕ ಎಲ್ಲ ಅವರ ಹೆಗಲ ಮೇಲಿತ್ತು. ಅವರ ತಲೆಗೂ ಒಂದು ಕಾಲದಲ್ಲಿ ಇಂಥದೇ ಮೊಟಕು ಬಿದ್ದಿರುತ್ತದೆ. ಆದರೆ ಆ ಕೈಗೆ ಬಲ ಕೊಟ್ಟವರು ಯಾರು? ನಮ್ಮ ಹಾಸನ ಜಿಲ್ಲೆ 2019ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ರಾಜ್ಯಕ್ಕೇ ಮೊದಲು ಬಂತು. ಹಳ್ಳಿ ಮಕ್ಕಳು ಓದಿ ತೇರ್ಗಡೆಯಾದದ್ದಕ್ಕೆ ನನಗೂ ಸಂತೋಷವೇ. ಆದರೆ ಅವರ ಹತ್ತು ವರ್ಷದ ಓದಿನಲ್ಲಿ ಪ್ರಶ್ನೆ ಕೇಳಿದ್ದೆಲ್ಲ ಮಂಡಳಿ, ಮೇಷ್ಟ್ರು, ಗೈಡು. ಮಗುವಿಗೆ ಬಿಟ್ಟದ್ದು ಉತ್ತರ ಒಪ್ಪಿಸುವ ಕೆಲಸ. ಒಂದು ಮಗು ತಾನಾಗಿ ಒಳ್ಳೆಯ ಪ್ರಶ್ನೆ ಕೇಳಿತೆಂದು ಒಂದಂಕ ಕೊಡುವ ಪರೀಕ್ಷೆ ಈ ರಾಜ್ಯದಲ್ಲಿ ಎಲ್ಲಿದೆ?

ಬೆಳಗೊಳದ ಹಿರಿಯರಿಗೆ ಈ ರೋಗ ಇರಲಿಲ್ಲ. ಜೈನ ಪುರಾಣಗಳಲ್ಲಿ ಕಥೆ ಹುಟ್ಟುವುದೇ ಒಂದು ಪ್ರಶ್ನೆಯಿಂದ: ಮಗಧದ ಶ್ರೇಣಿಕ ಮಹಾರಾಜ ಕೇಳುತ್ತಾನೆ, ಗೌತಮ ಗಣಧರರು ಹೇಳುತ್ತಾರೆ. ಒಂದೇ ವಸ್ತುವನ್ನು ಇನ್ನೊಂದು ಕಡೆಯಿಂದಲೂ ನೋಡು, ನಿನ್ನ ಮಾತೇ ಕೊನೆ ಎನ್ನಬೇಡ ಎಂಬ ಅನೇಕಾಂತವಾದ ಈ ಧರ್ಮದ ಬೆನ್ನೆಲುಬು. ಚಾವುಂಡರಾಯನ ಗುರು ನೇಮಿಚಂದ್ರ ಸಿದ್ಧಾಂತಚಕ್ರವರ್ತಿ ಗೊಮ್ಮಟಸಾರ ಬರೆದದ್ದು ಈ ಶಿಷ್ಯನಿಗಾಗಿ ಎಂದು ಪರಂಪರೆ ಹೇಳುತ್ತದೆ. ಷಟ್ಖಂಡಾಗಮ, ಧವಲಾ ಟೀಕೆಗಳಂಥ ಮಹಾಸಾಗರವನ್ನು ಅದರಲ್ಲಿ ಅವರು ಸಂಗ್ರಹಿಸಿದರು. ಕೇಳಿದವನು ದಂಡನಾಯಕ, ಅವನಿಗೆ ಪುಸ್ತಕ ಸಿಕ್ಕಿತು.

ಉಳಿದವರಿಗೆ? ಅದೇ ಧವಲಾ ಗ್ರಂಥದ ಗತಿ ಕೇಳಿ. ಹಳಗನ್ನಡ ಲಿಪಿಯಲ್ಲಿ ಬರೆದ ಅದರ ತಾಳೆಗರಿಗಳು ಮೂಡಬಿದಿರೆಯ ಗುರುಬಸದಿಯಲ್ಲಿದ್ದವು. ಕಾದಿಟ್ಟವರು ಶ್ರದ್ಧೆಯಿಂದ ಕಾದರು, ಅವರಿಲ್ಲದಿದ್ದರೆ ಗರಿಗಳು ಗೆದ್ದಲ ಪಾಲಾಗುತ್ತಿದ್ದವು, ಅದನ್ನು ನಾನು ಮರೆಯುವುದಿಲ್ಲ. ಆದರೆ ಶತಮಾನಗಳ ಕಾಲ ಯಾತ್ರಿಕರಿಗೆ ಸಿಕ್ಕಿದ್ದು ಸಿದ್ಧಾಂತ ದರ್ಶನ ಮಾತ್ರ. ಕಟ್ಟು ಬಿಚ್ಚುತ್ತಿದ್ದರು, ಗರಿ ತೋರಿಸುತ್ತಿದ್ದರು, ಭಕ್ತರು ಕಣ್ಣಿಗೊತ್ತಿಕೊಂಡು ಹೊರಡುತ್ತಿದ್ದರು. ಓದಲಿಕ್ಕಿಲ್ಲ. 1896ರಲ್ಲಿ ಪ್ರತಿ ಮಾಡುವ ಕೆಲಸ ಶುರುವಾಯಿತು, ಪ್ರತಿಯೂ ಹೊರಗೆ ಹೋಗಕೂಡದೆಂಬ ಕಟ್ಟುಪಾಡಿನ ಮೇಲೆ. ಆ ಕೆಲಸದಲ್ಲಿದ್ದ ಗಜಪತಿ ಉಪಾಧ್ಯಾಯರು ಗುಟ್ಟಾಗಿ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿ ಮಾಡಿದರು. ಜೊತೆಗೆ ಕೂತು ಬರೆದವರು ಅವರ ಹೆಂಡತಿ ಲಕ್ಷ್ಮೀಬಾಯಿ. ಆ ಪ್ರತಿ ಉತ್ತರದ ಸಹಾರನ್‌ಪುರ ಮುಟ್ಟಿತು, ಅಲ್ಲಿಂದ ನಕಲುಗಳು ಹಬ್ಬಿದವು. 1939ರಲ್ಲಿ ಹೀರಾಲಾಲ್ ಜೈನರು ಮೊದಲ ಸಂಪುಟ ಅಚ್ಚು ಹಾಕಿಸಿದರು. ಇಂದು ಯಾವ ವಿದ್ಯಾರ್ಥಿ ಬೇಕಾದರೂ ಅದನ್ನು ತೆರೆದು ಓದಬಹುದು. ಒಬ್ಬ ಗೃಹಿಣಿ ಕದ್ದು ಬರೆದದ್ದರಿಂದ ಜಗತ್ತಿಗೆ ಸಿಕ್ಕ ಶಾಸ್ತ್ರ ಅದು! ಲಕ್ಷ್ಮೀಬಾಯಿಯವರ ಹೆಸರು ನಮ್ಮ ಯಾವ ಪಠ್ಯಪುಸ್ತಕದಲ್ಲಿ ಓದಿದ್ದೀರಿ?

ಇನ್ನೊಂದು ಕಲ್ಲಿನ ಮಾತು. ಬೆಳಗೊಳದ ಊರೊಳಗೆ ಭಂಡಾರಿ ಬಸದಿಯಿದೆ. ಅಲ್ಲಿರುವ 1368ರ ಶಾಸನವನ್ನು ಕನ್ನಡಿಗರು ಮನೆಮನೆಯಲ್ಲಿ ಓದಬೇಕು. ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಎದ್ದಿತ್ತು. ನಮಗೆ ಅನ್ಯಾಯವಾಗಿದೆ ಎಂದು ಜೈನರು ವಿಜಯನಗರದ ಬುಕ್ಕರಾಯನನ್ನು ಕೇಳಿಕೊಂಡರು. ಕೇಳಿದವರನ್ನು ಅವನು ಗದರಿ ಕಳಿಸಲಿಲ್ಲ. ಎರಡೂ ಕಡೆಯವರನ್ನು ಕೂರಿಸಿದ. ಜೈನರ ಕೈಯನ್ನು ವೈಷ್ಣವರ ಕೈಗೆ ಕೊಟ್ಟು, ಎರಡು ದರ್ಶನಕ್ಕೂ ಭೇದವಿಲ್ಲ, ಪಂಚಮಹಾವಾದ್ಯವೂ ಕಲಶವೂ ಜೈನರಿಗೆ ಸಲ್ಲುತ್ತವೆ, ಅವರಿಗೆ ಬಂದ ಹಾನಿ ತಮಗೇ ಬಂದದ್ದೆಂದು ವೈಷ್ಣವರು ಕಾಪಾಡಬೇಕು ಎಂದು ತೀರ್ಪು ಕೊಟ್ಟ. ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಜನರನ್ನಿಡುವ ಏರ್ಪಾಡೂ ಆಯಿತು. ನನ್ನ ಕಣ್ಣು ನಿಲ್ಲುವುದು ಇದಕ್ಕಿಂತ ಬೇರೆ ಕಡೆ. ಆ ತೀರ್ಪಿಗೆ ನೆರೆದವರ ಪಟ್ಟಿಯಲ್ಲಿ ಆಚಾರ್ಯರಿದ್ದಾರೆ, ಸಾತ್ವಿಕರಿದ್ದಾರೆ, ಅವರ ಜೊತೆಗೇ ತಿರುಕುಲ, ಜಾಂಬವಕುಲ ಎಂದೂ ಕೆತ್ತಿದೆ. ಇಂದು ನಾವು ದಲಿತರೆನ್ನುವ ಜನ ಆ ನ್ಯಾಯದ ಸಭೆಯಲ್ಲಿ ಎಣಿಕೆಗೆ ಬಂದಿದ್ದರು.

2015ಕ್ಕೆ ಬನ್ನಿ. ಇದೇ ಜಿಲ್ಲೆಯ ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿ. ಸ್ತ್ರೀಶಕ್ತಿ ಸಂಘದ ನಾಲ್ವರು ದಲಿತ ಹೆಣ್ಣುಮಕ್ಕಳು ಊರಿನ ಬಸವೇಶ್ವರ ದೇವಸ್ಥಾನದ ಒಳಗೆ ಹೋದರು. ದೇವರನ್ನು ಕದಿಯಲು ಹೋದವರಲ್ಲ, ಪೂಜೆಗೆ ಹೋದವರು. ಊರಿನ ಬಲಾಢ್ಯರು ಅವರಿಗೆ 1000 ರೂಪಾಯಿ ದಂಡ ಹಾಕಿದರು. ಅಸ್ಪೃಶ್ಯತೆಯನ್ನು ಸಂವಿಧಾನ ತೊಡೆದುಹಾಕಿ 65 ವರ್ಷವಾದ ಮೇಲೆ, ಬಸವಣ್ಣನ ಹೆಸರಿನ ಗುಡಿಯಲ್ಲಿ! ನಮ್ಮದೇ ಚನ್ನರಾಯಪಟ್ಟಣ ತಾಲ್ಲೂಕಿನ ದಿಂಡಗೂರಿನಲ್ಲಿ ದಲಿತರು ಊರ ಗುಡಿಗಳ ಹೊಸ್ತಿಲು ದಾಟಲು 2021 ಬರಬೇಕಾಯಿತು, ಅದೂ ಅಧಿಕಾರಿಗಳು, ಪೊಲೀಸರು ಜೊತೆಗಿದ್ದು.

ಕುತೂಹಲ ಎಲ್ಲರಿಗೂ ಹುಟ್ಟುಗುಣ, ನಮ್ಮ ಜನರಲ್ಲಿ ಅದು ಕಡಿಮೆಯಾಗಿದೆ ಎಂದು ಪಟ್ಟಣದ ವಿದ್ವಾಂಸರು ಮರುಗುತ್ತಾರೆ. ಕಡಿಮೆಯಾಗಿಲ್ಲ. ಎದೆಗೂಸು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಟ್ಟು ನೋಡುತ್ತದೆ. ಹಟ್ಟಿಯ ಮಗುವೂ ಅಗ್ರಹಾರದ ಮಗುವೂ ಒಂದೇ ಹಟದಲ್ಲಿ 'ಅದ್ಯಾಕೆ, ಇದ್ಯಾಕೆ' ಅನ್ನುತ್ತವೆ. ಆಮೇಲೆ ಒಂದು ಮಗುವಿಗೆ 'ಜಾಣ ಮರಿ' ಅನ್ನುತ್ತಾರೆ, ಇನ್ನೊಂದಕ್ಕೆ 'ಅಧಿಕಪ್ರಸಂಗಿ' ಅನ್ನುತ್ತಾರೆ. ಒಬ್ಬನ ಪ್ರಶ್ನೆ ಜಿಜ್ಞಾಸೆ, ಇನ್ನೊಬ್ಬನದು ತಲೆಹರಟೆ. ಕೇಳುವ ಹಕ್ಕನ್ನು ಈ ಸಮಾಜ ಜಾತಿ ನೋಡಿ, ಜಮೀನು ನೋಡಿ, ಗಂಡೋ ಹೆಣ್ಣೋ ನೋಡಿ ಹಂಚಿದೆ. ಕೂಲಿಯಾಳು ಲೆಕ್ಕ ಕೇಳಿದರೆ ಕೆಲಸ ಹೋಗುತ್ತದೆ. ಸೊಸೆ ಲೆಕ್ಕ ಕೇಳಿದರೆ ತವರಿನ ದಾರಿ. ಬೆಟ್ಟದ ಬುಡದಲ್ಲಿ ಮುದುಕರನ್ನು ಡೋಲಿಯಲ್ಲಿ ಹೊತ್ತು ಬಿಸಿಲಲ್ಲಿ ಮೆಟ್ಟಿಲೇರುವ ಆಳುಗಳಿಗೆ ಕೇಳಲು ಏನೂ ಇಲ್ಲವೇ? ಅವರ ಮಂಡಿಚಿಪ್ಪನ್ನು ಕೇಳಿ, ಅದು ಹೇಳುತ್ತದೆ.

ನೇರ ಕೇಳಲಾಗದ ಜನ ಕಥೆ ಕಟ್ಟಿ ಕೇಳಿದರು. ಗುಳ್ಳಕಾಯಜ್ಜಿಯ ಕಥೆಯನ್ನು ನಾನು ಹಾಗೆ ಓದುತ್ತೇನೆ. ಚಾವುಂಡರಾಯ ಕೊಡಗಟ್ಟಲೆ ಹಾಲು ಸುರಿದ, ಅದು ಗೊಮ್ಮಟನ ತೊಡೆಯಿಂದ ಕೆಳಗಿಳಿಯಲಿಲ್ಲ. ಬಡ ಮುದುಕಿಯೊಬ್ಬಳು ಗುಳ್ಳಕಾಯಿಯ ಚಿಪ್ಪಿನಲ್ಲಿ ತಂದ ಗುಟುಕು ಹಾಲು ಪಾದದವರೆಗೂ ಹರಿಯಿತು. ಇಷ್ಟೆಲ್ಲ ಯಾರ ಬೆವರಿನಿಂದ ಆಯಿತು ಸ್ವಾಮಿ ಎಂದು ದಂಡನಾಯಕನ ಮುಖಕ್ಕೆ ಕೇಳಲಾಗದವರು ಆ ಅಜ್ಜಿಯ ಬಾಯಲ್ಲಿ ಕೇಳಿಸಿದರು. ಅಜ್ಜಿಯ ಕಲ್ಲಿನ ಮೂರ್ತಿ ಇಂದಿಗೂ ಗೊಮ್ಮಟನ ಎದುರಿಗೆ, ಬಾಗಿಲ ಹೊರಗೆ ನಿಂತಿದೆ. 2018ರ ಮಹಾಮಸ್ತಕಾಭಿಷೇಕದಲ್ಲಿ ಮೊದಲ ಕಲಶ ಕೋಟಿಗಳ ಲೆಕ್ಕದಲ್ಲಿ ಹೋಯಿತು. ಆ ಹಣ ಒಳ್ಳೆಯ ಕೆಲಸಕ್ಕೇ ಹೋಗಲಿ. ಆದರೂ ಬೆಳಗೊಳದ ಜನ ಸಾವಿರ ವರ್ಷದ ಹಿಂದಿನ ಆ ಕಥೆಯನ್ನು ಮುಂದಿಟ್ಟು, ಗುಳ್ಳಕಾಯಿ ಹಿಡಿದವಳ ಸರದಿ ಯಾವಾಗ ಎಂದು ಕೇಳಬೇಕು.

ಸಾಹಿತ್ಯದವರು ಇದರಿಂದ ಹೊರಗಿದ್ದರೆಂದು ಯಾರೂ ತಿಳಿಯಬಾರದು. 1979ರಲ್ಲಿ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಬೇಕೆಂದು ಚೆನ್ನಣ್ಣ ವಾಲೀಕಾರ ಕೇಳಿದರು. ಒಂದು ಗೋಷ್ಠಿ, ಒಂದೆರಡು ಗಂಟೆಯ ಮಾತು! ಕೊಡಲಿಲ್ಲ. ಅದೇ ವರ್ಷದ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತಿಗಳು ಬೇರೆಯೇ ಸಭೆ ಸೇರಿದರು. ನಾವು ಬಂಡಾಯದವರು ಹುಟ್ಟಿದ್ದೇ ತಳ್ಳಿಹಾಕಿದ ಒಂದು ಪ್ರಶ್ನೆಯಿಂದ. ಅಲ್ಲಿಂದ 36 ವರ್ಷಕ್ಕೆ, 2015ರಲ್ಲಿ, ಶ್ರವಣಬೆಳಗೊಳದಲ್ಲಿ ಸೇರಿದ 81ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದವರು ಸಿದ್ಧಲಿಂಗಯ್ಯ. ದಲಿತ ಕವಿ, ದಲಿತ ಚಳವಳಿಯ ಕವಿ. ಗೊಮ್ಮಟನ ಊರಲ್ಲಿ ಅವರು ಮೆರವಣಿಗೆಯಲ್ಲಿ ಬಂದರು, ನಾಡೇ ಸಂಭ್ರಮಿಸಿತು. ಅದೇ ವರ್ಷ, ಅದೇ ಜಿಲ್ಲೆಯಲ್ಲಿ ಸಿಗರನಹಳ್ಳಿಯ ಹೆಣ್ಣುಮಕ್ಕಳಿಗೆ ದಂಡ ಬಿತ್ತು. ವೇದಿಕೆಯ ಮೇಲೆ ಸನ್ಮಾನ, ಊರೊಳಗೆ ಜುಲ್ಮಾನೆ. ಹಾರ ಹಾಕಿದ ಕೈಗಳು ಆ ಊರಿಗೆ ಎಷ್ಟು ಹೋದವು ಎಂದು ಸಾಹಿತ್ಯ ಪರಿಷತ್ತನ್ನೂ ಕೇಳುತ್ತೇನೆ, ನಮ್ಮ ಬಂಡಾಯದ ಗೆಳೆಯರನ್ನೂ ಕೇಳುತ್ತೇನೆ.

ಅದೇ 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಮನೆ ಬಾಗಿಲಲ್ಲಿ ಎಂ. ಎಂ. ಕಲಬುರ್ಗಿಯವರನ್ನು ಗುಂಡಿಟ್ಟು ಕೊಂದರು. ಅವರ ಕೈಯಲ್ಲಿ ಇದ್ದದ್ದು ಶಾಸನ, ತಾಳೆಗರಿ, ವಚನದ ಕಟ್ಟು. ಕಲ್ಲು ಏನು ಹೇಳುತ್ತದೆ, ನಾವು ಏನು ಹೇಳುತ್ತಿದ್ದೇವೆ ಎಂದು ತಾಳೆ ನೋಡುವುದು ಅವರ ಕೆಲಸ. 1980ರ ದಶಕದಲ್ಲೇ ಬರೆದ ಮಾತನ್ನು ಹಿಂತೆಗೆದುಕೊಳ್ಳುವಂತೆ ಅವರನ್ನು ಒತ್ತಾಯಿಸಿ ಬಾಗಿಸಿದ್ದರು. ಮತ್ತೆ ತಲೆಯೆತ್ತಿ ಕೇಳಿದಾಗ ಕೊಂದರು. ಎರಡು ವರ್ಷಕ್ಕೆ, 2017ರ ಸೆಪ್ಟೆಂಬರ್ 5ರಂದು, ಪತ್ರಕರ್ತೆ ಗೌರಿ ಲಂಕೇಶ್. ಒಂದು ಸಂಶೋಧನೆ ತಪ್ಪೆನಿಸಿದರೆ ಇನ್ನೊಂದು ಸಂಶೋಧನೆ ಬರೆಯಿರಿ. ಪತ್ರಿಕೆ ತಪ್ಪೆನಿಸಿದರೆ ಪತ್ರಿಕೆ ತನ್ನಿ. ಪಿಸ್ತೂಲು ತಂದವರ ಬಳಿ ಉತ್ತರವಿರಲಿಲ್ಲ.

ಹಾಸನದಲ್ಲೇ ಇದ್ದು ವಕೀಲಿ ಮಾಡುತ್ತ, ಕಥೆ ಬರೆಯುತ್ತ ಬಂದ ಬಾನು ಮುಷ್ತಾಕ್ ನಮ್ಮ ಬಂಡಾಯದ ಮನೆಯವರು. ಹೆಣ್ಣುಮಕ್ಕಳು ಮಸೀದಿಗೆ ಹೋಗಿ ನಮಾಜು ಮಾಡಬಾರದೇಕೆ ಎಂದು 2000ದಲ್ಲಿ ಕೇಳಿದರು. ಅವರ ಸಮುದಾಯದ ಕೆಲವರು ಅವರಿಗೆ ಬಹಿಷ್ಕಾರ ಹಾಕಿದರು, ಚಾಕು ಹಿಡಿದು ಬಂದವನೂ ಇದ್ದ. 2025ರಲ್ಲಿ ಅವರ ಕಥೆಗಳಿಗೆ ಇಂಟರ್‌ನ್ಯಾಷನಲ್ ಬೂಕರ್ ಬಂತು. ಮೈಸೂರು ದಸರಾ ಉದ್ಘಾಟನೆಗೆ ಅವರನ್ನು ಕರೆದಾಗ ಇನ್ನೊಂದು ಸಮುದಾಯದ ಕೆಲವರು ಕೋರ್ಟಿನವರೆಗೂ ಹೋಗಿ ತಡೆಯಲು ನೋಡಿದರು. ಹೈಕೋರ್ಟು, ಸುಪ್ರೀಂ ಕೋರ್ಟು ಎರಡೂ ಒಪ್ಪಲಿಲ್ಲ. ಅಲ್ಲಿ ಬಹಿಷ್ಕಾರ, ಇಲ್ಲಿ ತಕರಾರು. ಕೇಳುವ ಹೆಂಗಸಿನ ವಿಷಯಕ್ಕೆ ಬಂದರೆ ಎಲ್ಲ ಧರ್ಮದ ಯಜಮಾನರೂ ಒಂದೇ ಜಗಲಿಯ ಮೇಲೆ ಕೂರುತ್ತಾರೆ.

ಪ್ರಶ್ನಿಸುವುದು ನಮ್ಮ ಸಂಸ್ಕೃತಿಯಲ್ಲ ಎನ್ನುವವರಿಗೆ ಸಂವಿಧಾನದ 51ಎ ವಿಧಿ ತೋರಿಸಿ. ವೈಜ್ಞಾನಿಕ ಮನೋಭಾವ, ಮಾನವೀಯತೆ, ಜಿಜ್ಞಾಸೆ, ಸುಧಾರಣೆಯ ಮನೋಧರ್ಮ ಬೆಳೆಸಿಕೊಳ್ಳುವುದು ಪ್ರತಿ ಪ್ರಜೆಯ ಮೂಲಭೂತ ಕರ್ತವ್ಯ. ಅದು ಸೇರಿದ್ದು 1976ರಲ್ಲಿ, ತುರ್ತು ಪರಿಸ್ಥಿತಿಯ ಕಾಲ, ಕೇಳಿದವರನ್ನು ಜೈಲಿಗೆ ತಳ್ಳುತ್ತಿದ್ದ ಸರ್ಕಾರದ ಕೈಯಿಂದಲೇ ಸೇರಿತು. ಅದೇ ವರ್ಷ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯ ಪವಾಡಗಳ ಪರೀಕ್ಷೆಗೆ ಸಮಿತಿ ಮಾಡಿದರು. ಪುಟ್ಟಪರ್ತಿಯ ಸಾಯಿಬಾಬಾ ಅವರಿಗೆ ಪತ್ರದ ಮೇಲೆ ಪತ್ರ ಬರೆದರು. ನಮ್ಮ ಮುಂದೆ ತೋರಿಸಿ ಎಂದು ವಿನಯದಿಂದ ಕೇಳಿದರು. ಉತ್ತರ ಬರಲಿಲ್ಲ. ಖಾದಿ ಜುಬ್ಬದ ಆ ಬಡ ಬ್ರಹ್ಮಚಾರಿಗೆ ಅಧಿಕಪ್ರಸಂಗಿ ಎಂಬ ಬಿರುದು ಬಂತು. ಇಂದು ಯಾವ ವಿಶ್ವವಿದ್ಯಾಲಯದ ಕುಲಪತಿಗೆ ಅಂಥ ಒಂದು ಪತ್ರ ಬರೆಯುವ ಎದೆ ಇದೆ?

ಮೇಷ್ಟ್ರುಗಳೇ, ಟೀಚರಮ್ಮಂದಿರೇ, ಮುಂದಿನ ಸಲ ಮಕ್ಕಳನ್ನು ಬೆಳಗೊಳಕ್ಕೆ ಕರೆತಂದಾಗ ಅರ್ಧ ಗಂಟೆ ಸಾಲು ಮುರಿಯಲು ಬಿಡಿ. ಕೇಳಿದ್ದಕ್ಕೆ ಉತ್ತರ ಗೊತ್ತಿಲ್ಲದಿದ್ದರೆ, ಗೊತ್ತಿಲ್ಲ, ಹುಡುಕೋಣ ಬಾ ಎನ್ನಿ. ಚಿಕ್ಕಬೆಟ್ಟವನ್ನೂ ಹತ್ತಿಸಿ, ಅಲ್ಲಿ ನೂರಾರು ಶಾಸನಗಳಿವೆ, ಒಂದನ್ನಾದರೂ ಬೆರಳಿಟ್ಟು ಓದಿಸಿ. ಹಳ್ಳಿಯ ಅಕ್ಕಂದಿರೇ, ಅಣ್ಣಂದಿರೇ, ಗ್ರಾಮಸಭೆಗೆ ಹೋಗಿ. ಉದ್ಯೋಗ ಖಾತ್ರಿಯ ಕೂಲಿ ಯಾಕೆ ತಡವಾಯಿತು, ಹಟ್ಟಿಯ ಚರಂಡಿಯ ದುಡ್ಡು ಎಲ್ಲಿ ಹೋಯಿತು, ನಮ್ಮೂರ ಗುಡಿಯ ಬಾಗಿಲು ಯಾರಿಗೆ ಮುಚ್ಚಿದೆ ಎಂದು ಕೇಳಿ. ಬಾಯಲ್ಲಿ ಕೇಳಿದ್ದಕ್ಕೆ ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ, 30 ದಿನದೊಳಗೆ ಉತ್ತರ ಕೊಡಲೇಬೇಕು. ದಂಡ ಹಾಕುತ್ತೇವೆ ಎಂದು ಯಾರಾದರೂ ಬಂದರೆ ಒಬ್ಬರನ್ನೇ ಅವರ ಮುಂದೆ ನಿಲ್ಲಲು ಬಿಡಬೇಡಿ, ಇಡೀ ಕೇರಿ ಎದ್ದು ಹೋಗಿ. ನಮಗೂ ಹೇಳಿಕಳಿಸಿ, ಬರುತ್ತೇವೆ.